ಅರವತ್ತು ಹೆಸರಿನ ಪುಸ್ತಕ

ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತವರು ಈಗಲೂ ಹೇಳುವ ಒಂದು ಮಾತಿದೆ: ‘ಹೊಸ ಬ್ಲೇಡ್ ಹಾಕಪ್ಪ.’ ಅಂಗಡಿಯವನು ಕಾಗದ ಬಿಚ್ಚದೆಯೇ ಒಳಗಿನ ಬ್ಲೇಡನ್ನು ಲಟಕ್ಕನೆ ಎರಡು ತುಂಡು ಮಾಡಿ, ಒಂದನ್ನು ಕತ್ತಿಗೆ ಸಿಕ್ಕಿಸುತ್ತಾನೆ. ಗಿರಾಕಿ ಅದನ್ನು ಕನ್ನಡಿಯಲ್ಲೇ ನೋಡಿ ಸಮಾಧಾನಪಡುತ್ತಾನೆ. ನಮ್ಮ ತುಮಕೂರಿನ ಕಟಿಂಗ್ ಶಾಪುಗಳಲ್ಲಿ ನಾನು ಈ ರೂಢಿ ಕಂಡದ್ದು ಏಡ್ಸ್ ಎಂಬ ಹೆಸರು ಊರಿಗೆ ಬಂದ ಮೇಲೆ. ಗೋಡೆಯ ಮೇಲೆ ತಲೆಬುರುಡೆ, ಅದರಡಿ ಅಡ್ಡಡ್ಡ ಎರಡು ಮೂಳೆ, ಕೆಳಗೆ ‘ಮಾರಕ ರೋಗ’ ಅಂತ ದಪ್ಪ ಅಕ್ಷರ. ಹುಡುಗರಾಗಿದ್ದ ನಾವು ಅದರಿಂದ ಕಲಿತದ್ದು ಬ್ಲೇಡಿನ ಪಾಠವೊಂದೇ. ಮಿಕ್ಕಿದ್ದನ್ನು ಮೇಷ್ಟ್ರು ‘ಮನೇಲಿ ಓದ್ಕೊಳ್ಳಿ’ ಅಂದು ಪುಟ ಮಗುಚಿದರು.

ಆ ಪುಟದಲ್ಲಿದ್ದ ವಿಷಯವನ್ನು ಊರಲ್ಲಿ ಬಾಯಿಬಿಟ್ಟು ಆಡಿದವರು ಬೇರೆಯೇ ಜನ. ಬಸ್ ನಿಲ್ದಾಣದ ಸುತ್ತ ಸಂಜೆ ಹೊತ್ತು ನಿಲ್ಲುವ ಹೆಂಗಸರು, ಕತ್ತಲಾದ ಮೇಲೆ ಪಾರ್ಕಿನ ಮೂಲೆಯಲ್ಲಿ ಗುಂಪು ಸೇರುವ ಗಂಡಸರು, ಟೋಲ್ ಬಳಿ ಚಪ್ಪಾಳೆ ತಟ್ಟುವ ಮಂಗಳಮುಖಿಯರು. ಅವರ ಸಂಘವೊಂದರ ಕೋಣೆಯಲ್ಲಿ ನಾನು ಆಗಾಗ ಹೋಗಿ ಕೂರುತ್ತೇನೆ. ಮೊದಲ ಮಹಡಿ, ಕಿರಿದಾದ ಮೆಟ್ಟಿಲು. ಬಾಗಿಲ ಬೋರ್ಡಿನಲ್ಲಿ ಎಚ್‌ಐವಿ ಎಂಬ ಮೂರಕ್ಷರ ಎಲ್ಲೂ ಇಲ್ಲ. ಇದ್ದಿದ್ದರೆ ಆ ಕೋಣೆ ಬಾಡಿಗೆಗೆ ಸಿಗುತ್ತಿರಲಿಲ್ಲ. ಇಂಥ ಸಂಘಗಳು ಹುಟ್ಟಿದ್ದು ಹೇಗೆ ಅಂತ ತಿಳಿಯಬೇಕಾದರೆ ಒಂದಿಷ್ಟು ಹಿಂದಕ್ಕೆ ಹೋಗಬೇಕು.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ರಕ್ತದ ಮಾದರಿಗಳನ್ನು ವೆಲ್ಲೂರಿಗೆ ಒಯ್ದು ಪರೀಕ್ಷೆ ಮಾಡಿಸಿದರು. ಆ ರಕ್ತ ಕೊಟ್ಟವರು ಪೊಲೀಸರು ಹಿಡಿದು ತಂದು ಕೂಡಿಹಾಕಿದ್ದ ಲೈಂಗಿಕ ಕಾರ್ಯಕರ್ತೆಯರು. ಈ ಕಾಯಿಲೆಯ ಕತೆ ಶುರುವಾದದ್ದೇ ಬಾಗಿಲು ಹಾಕಿದ ಕೋಣೆಯಲ್ಲಿ ಅನ್ನುವುದನ್ನು ಮರೆಯಬಾರದು. ಮೂರು ವರ್ಷದ ನಂತರ, 1989ರಲ್ಲಿ, ಗೋವಾದಲ್ಲಿ ಡೊಮಿನಿಕ್ ಡಿಸೋಜ ಎಂಬ ಯುವಕನನ್ನು ಸೋಂಕಿದೆ ಎಂಬ ಒಂದೇ ಕಾರಣಕ್ಕೆ 64 ದಿನ ಬಂಧನದಲ್ಲಿಟ್ಟರು. ಅವನು ರಕ್ತದಾನಿಯಾಗಿದ್ದ, ದಾನ ಕೊಟ್ಟ ರಕ್ತದಿಂದಲೇ ಸೋಂಕು ಗೊತ್ತಾಗಿತ್ತು. ಸರ್ಕಾರಕ್ಕೆ ಆಗ ಗೊತ್ತಿದ್ದ ಮದ್ದು ಅಂದರೆ ಬೀಗ.

1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ಶುರುವಾಯಿತು. ತಲೆಬುರುಡೆಯ ಗೋಡೆಬರಹ ಆ ಕಾಲದ್ದು. ಅದೇ ವರ್ಷ ಕಲ್ಕತ್ತೆಯ ರೆಡ್‌ಲೈಟ್ ಏರಿಯಾ ಸೋನಾಗಾಚಿಯಲ್ಲಿ ಡಾ. ಸ್ಮರಜಿತ್ ಜಾನಾ ಬೇರೆ ದಾರಿ ಹಿಡಿದರು. ಹೊರಗಿನವರು ಬಂದು ಉಪದೇಶ ಮಾಡಿದರೆ ಯಾರೂ ಕೇಳುವುದಿಲ್ಲ, ಅಲ್ಲಿನ ಹೆಂಗಸರೇ ಅಲ್ಲಿನ ಹೆಂಗಸರಿಗೆ ಹೇಳಲಿ ಎಂದರು. ಈಗ ಕೇಳಿದರೆ ಇದರಲ್ಲೇನು ಮಹಾ ಅನ್ನಿಸಬಹುದು. ಆದರೆ ಕಾಯಿಲೆ ಹರಡುವವರು ಅಂತ ಊರೆಲ್ಲ ಬೊಟ್ಟುಮಾಡಿದವರ ಕೈಗೇ ಕಾಯಿಲೆ ತಡೆಯುವ ಕೆಲಸ ಕೊಡುವುದೆಂದರೆ ಆಗ ಸಣ್ಣ ಮಾತಲ್ಲ.

ಆ ಯೋಚನೆ ನಮ್ಮ ಕಡೆ ಬರಲು ಹತ್ತು ವರ್ಷ ಹಿಡಿಯಿತು. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಶುರುವಾಯಿತು. ಅದೇ ವರ್ಷ ರಾಜ್ಯದಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹುಟ್ಟಿತು. ಸರ್ಕಾರದ ಕಡೆಯಿಂದ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಅದಾಗಲೇ ಇತ್ತು. ಹೀಗೆ ಬಂದದ್ದು ‘ಟಾರ್ಗೆಟೆಡ್ ಇಂಟರ್‌ವೆನ್ಷನ್’ ಎಂಬ ಉದ್ದದ ಹೆಸರು, ಅಂದರೆ ಸೋಂಕಿನ ಅಪಾಯ ಹೆಚ್ಚಿರುವವರನ್ನೇ ಗುರಿಯಾಗಿಟ್ಟು ಮಾಡುವ ತಡೆ ಕೆಲಸ. ಫೀಲ್ಡಿನವರ ಬಾಯಲ್ಲಿ ಅದು ಬರೀ ‘ಟಿಐ’.

ತುಮಕೂರಿನಂಥ ಊರಲ್ಲಿ ಈ ಕೆಲಸ ಮುಂಬೈಯಲ್ಲಿ ಮಾಡಿದ ಹಾಗೆ ಮಾಡಲು ಬರುವುದಿಲ್ಲ. ಇಲ್ಲಿ ರೆಡ್‌ಲೈಟ್ ಏರಿಯಾ ಅಂತ ಒಂದು ಬೀದಿ ಇಲ್ಲ, ಹುಡುಕಿಕೊಂಡು ಹೋಗಲು ಬೋರ್ಡಿಲ್ಲ. ಊರ ನಡುವೆ ಬಿ.ಎಚ್. ರಸ್ತೆ, ಪಕ್ಕದಲ್ಲಿ ಪುಣೆ–ಬೆಂಗಳೂರು ಹೆದ್ದಾರಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಕಾರಿನವರು ಇಳಿದರೆ, ಶಿರಾ ಕಡೆಯ ಡಾಬಾಗಳಲ್ಲಿ ಲಾರಿಗಳು ರಾತ್ರಿ ಸಾಲುಗಟ್ಟುತ್ತವೆ. ಬೆಂಗಳೂರು ಎಪ್ಪತ್ತು ಕಿಲೋಮೀಟರು, ರೈಲಿದೆ. ಇಲ್ಲಿಯ ಹೆಂಗಸು ಗುರುತು ಸಿಗಬಾರದೆಂದು ಅಲ್ಲಿಗೆ ಹೋಗುತ್ತಾಳೆ, ಅಲ್ಲಿಯವಳು ಅದೇ ಕಾರಣಕ್ಕೆ ಇಲ್ಲಿಗೆ ಬರುತ್ತಾಳೆ. ಮನೆಯಲ್ಲಿ ಹೇಳಿ ಹೊರಟದ್ದು ಗಾರ್ಮೆಂಟ್ಸ್‌ಗೆ, ಹೂವಿನ ವ್ಯಾಪಾರಕ್ಕೆ, ಗಾರೆ ಕೆಲಸಕ್ಕೆ. ಅದು ಸುಳ್ಳೂ ಅಲ್ಲ; ಹಗಲು ಗಾರೆ ಕೆಲಸ ಮಾಡಿಯೇ ಸಂಜೆ ನಿಲ್ದಾಣಕ್ಕೆ ಬರುವವರಿದ್ದಾರೆ. ಕೂಲಿಯ ದುಡ್ಡು ಸ್ಕೂಲ್ ಫೀಸಿಗೆ ಸಾಲದ ತಿಂಗಳು ಮಾತ್ರ ಬರುವವರಿದ್ದಾರೆ.

ಇವರನ್ನು ಹುಡುಕಿ ಮಾತಾಡಿಸಬಲ್ಲವರು ಇವರೇ. ಯೋಜನೆಯ ಲೆಕ್ಕದಲ್ಲಿ ತನ್ನಂಥವರಿಗೇ ತಿಳಿಹೇಳುವ ಒಬ್ಬ ಪೀರ್ ಎಜುಕೇಟರ್‌ಗೆ ಸುಮಾರು ಅರವತ್ತು ಜನ. ನಾಲ್ಕೈದು ಪೀರ್‌ಗಳ ಮೇಲೆ ಅವರ ಕೆಲಸ ನೋಡಿಕೊಳ್ಳುವ ಒಬ್ಬ ಔಟ್‌ರೀಚ್ ವರ್ಕರ್, ಅಂದರೆ ‘ಓಆರ್‌ಡಬ್ಲ್ಯೂ’. ಪೀರ್ ಅಂದರೆ ಕೆಲಸದ ಹೆಸರೂ ಹೌದು, ಆ ಮನುಷ್ಯರ ಹೆಸರೂ ಹೌದು: ‘ನಮ್ಮ ಪೀರ್ ಬಂದ್ಲು’ ಅನ್ನುತ್ತಾರೆ. ತನ್ನ ಅರವತ್ತು ಜನರನ್ನು ಅವಳು ಪದೇ ಪದೇ ಕಾಣಬೇಕು, ನಿರೋಧ್ ಕೊಡಬೇಕು, ಮೂರು ತಿಂಗಳಿಗೊಮ್ಮೆ ಚೆಕಪ್‌ಗೆ, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಕರೆತರಬೇಕು. ಕೊಡುವುದು ಸಂಬಳವಲ್ಲ, ಗೌರವಧನ. ಗೌರವ ಎಷ್ಟೋ ಗೊತ್ತಿಲ್ಲ, ಧನವಂತೂ ಕಡಿಮೆ.

ಆ ಅರವತ್ತು ಹೆಸರಿನ ಪುಸ್ತಕವನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದಾಗ ಅದರಲ್ಲಿ ಅಕ್ಷರಕ್ಕಿಂತ ಚಿತ್ರಗಳೇ ಹೆಚ್ಚಿದ್ದವು. ಪೀರ್‌ಗಳಲ್ಲಿ ಓದು ಬರಹ ಬಾರದವರು ಬಹಳ. ಅದಕ್ಕೆ ಈ ಏರ್ಪಾಟು. ಒಂದು ಸಾಲಿಗೆ ಒಬ್ಬಳು. ಹೆಸರಿನ ಜಾಗದಲ್ಲಿ ಒಬ್ಬಳಿಗೆ ಮಲ್ಲಿಗೆ ಮೊಗ್ಗು, ಇನ್ನೊಬ್ಬಳಿಗೆ ಬಳೆ, ಮತ್ತೊಬ್ಬಳಿಗೆ ಬಸ್ಸು, ಯಾಕೆಂದರೆ ಅವಳು ಸಿಗುವುದು ಶಿರಾ ಬಸ್ಸು ನಿಲ್ಲುವ ಕಡೆ. ಮುಂದಿನ ಮನೆಗಳಲ್ಲಿ ಗೆರೆಗಳು: ಎಷ್ಟು ನಿರೋಧ್ ಕೊಟ್ಟದ್ದು, ಕ್ಲಿನಿಕ್ಕಿಗೆ ಬಂದಳೋ ಇಲ್ಲವೋ, ಮನೆಯಲ್ಲಿ ಹೊಡೆತವಿದೆಯೋ, ಕುಡಿತವಿದೆಯೋ. ಈ ಪುಸ್ತಕ ಕಳೆದುಹೋಗಿ ಬೇರೆಯವರಿಗೆ ಸಿಕ್ಕರೂ ಅವರಿಗೆ ಮೊಗ್ಗು ಯಾರು, ಬಳೆ ಯಾರು ಅಂತ ತಿಳಿಯುವುದಿಲ್ಲ. ಗುಟ್ಟು ಕಾಯಲು ಕಾನೂನು ಬರುವುದಕ್ಕೆ ಎಷ್ಟೋ ಮುಂಚೆ ಗುಟ್ಟು ಕಾಯ್ದದ್ದು ಈ ಮೊಗ್ಗು, ಈ ಬಳೆ.

ಗೋಡೆಯ ಮೇಲೆ ಇನ್ನೊಂದು ಚಾರ್ಟು, ಸ್ಕೆಚ್ ಪೆನ್ನಿನಲ್ಲಿ ಬರೆದ ಊರಿನ ನಕ್ಷೆ. ಸರ್ವೆಯವರ ನಕ್ಷೆಯಲ್ಲಿ ಇಲ್ಲದ ತುಮಕೂರು ಅದು. ಮುಚ್ಚಿಹೋದ ಟಾಕೀಸಿನ ಹಿಂದು, ವೈನ್ ಶಾಪಿನ ಪಕ್ಕ, ಬೆಳಗಿನ ಐದು ಗಂಟೆಗೆ ಮಾರ್ಕೆಟ್ಟು. ಯಾವ ಹೊತ್ತಿಗೆ ಎಲ್ಲಿ ಎಷ್ಟು ಜನ, ಪೊಲೀಸ್ ಗಸ್ತು ಯಾವ ಕಡೆಯಿಂದ, ಎಲ್ಲಾ ಇದೆ.

ಪೊಲೀಸರ ಮಾತು ಬಂತು. ಎಚ್‌ಐವಿ ತಡೆಗೂ ಪೊಲೀಸರಿಗೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಬ್ಯಾಗಿನಲ್ಲಿ ನಿರೋಧ್ ಸಿಕ್ಕರೆ ಅದೇ ಸಾಕ್ಷಿ ಅಂತ ಠಾಣೆಗೆ ಎಳೆದೊಯ್ಯುವ ಕಾಲದಲ್ಲಿ ಯಾವ ಹೆಂಗಸು ತಾನೇ ನಿರೋಧ್ ಇಟ್ಟುಕೊಂಡು ತಿರುಗುತ್ತಾಳೆ? 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಒಂದು ಕಡೆ. ಗಂಡಸರಿಗೆ, ಮಂಗಳಮುಖಿಯರಿಗೆ, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಸೆಕ್ಷನ್ 377 ಇನ್ನೊಂದು ಕಡೆ. ಒಂದು ಸರ್ಕಾರಿ ಇಲಾಖೆ ಹಂಚಿದ್ದನ್ನು ಇನ್ನೊಂದು ಇಲಾಖೆ ಸಾಕ್ಷಿಯಾಗಿ ಹಿಡಿಯುತ್ತಿತ್ತು. ಹಾಗಾಗಿ ಪೀರ್‌ಗಳು ರೋಗದ ಪಾಠಕ್ಕಿಂತ ಮೊದಲು ಕಲಿಯಬೇಕಾದದ್ದು ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೆ ಠಾಣೆಗೆ ಹೋಗಿ ನಿಂತು ಮಾತಾಡುವುದನ್ನು. ಒಬ್ಬಳೇ ಹೋದರೆ ಬೈಗುಳ. ಎಂಟು ಜನ ಹೋದರೆ ಕುರ್ಚಿ. ಸಂಘ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ವಿವರಣೆ ನನಗೆ ಸಿಕ್ಕಿಲ್ಲ.

2007ರಲ್ಲಿ ಶುರುವಾದ ನ್ಯಾಕೋ ಕಾರ್ಯಕ್ರಮದ ಮೂರನೇ ಹಂತ ಇದಕ್ಕೆ ಅಧಿಕೃತ ಮುದ್ರೆ ಒತ್ತಿತು. ಟಿಐಗಳಲ್ಲಿ ಅರ್ಧದಷ್ಟನ್ನು ಸಮುದಾಯದವರ ಸಂಘಗಳೇ ನಡೆಸಬೇಕು ಅಂತ ಗುರಿ ಇಟ್ಟಿತು. ಅಲ್ಲಿಯವರೆಗೆ ಎನ್‌ಜಿಒದವರ ಕೆಳಗೆ ದುಡಿಯುತ್ತಿದ್ದವರು ಈಗ ಸಂಘ ಕಟ್ಟಿ ನೋಂದಣಿ ಮಾಡಿಸಬೇಕಾಯಿತು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ ಏಳು ಮಂದಿ ಬೇಕು. ಫೀಲ್ಡಿನಲ್ಲಿ ನೂರಾರು ಜನ ಗೊತ್ತು. ಆದರೆ ನಿಜವಾದ ಹೆಸರು, ನಿಜವಾದ ವಿಳಾಸ ಕೊಟ್ಟು ಸಹಿ ಮಾಡುವ ಏಳು ಮಂದಿ ಸಿಗಲು ತಿಂಗಳುಗಟ್ಟಲೆ ಹಿಡಿಯಿತು. ಅರ್ಜಿಯಲ್ಲಿ ‘ಉದ್ಯೋಗ’ ಅಂತ ಒಂದು ಕಾಲಂ. ಗೃಹಿಣಿ, ಕೂಲಿ, ಹೂವಿನ ವ್ಯಾಪಾರ, ಟೈಲರಿಂಗ್. ಎಲ್ಲವೂ ನಿಜವೇ. ಬ್ಯಾಂಕಿನವರು ಖಾತೆ ತೆರೆಯಲು ಅಧ್ಯಕ್ಷೆಯ ರೇಷನ್ ಕಾರ್ಡ್ ಕೇಳಿದರೆ, ಆ ಕಾರ್ಡು ಬಿಟ್ಟುಬಂದ ಗಂಡನ ಮನೆಯಲ್ಲಿತ್ತು.

ಗಂಡಸರ ಗುಂಪಿನಲ್ಲಿ ತೊಡಕು ಬೇರೆ. ಹೆಣ್ಣಿನ ಸ್ವಭಾವದ ಗಂಡಸರನ್ನು ಆ ಒಳಮಾತಿನಲ್ಲಿ ‘ಕೋಥಿ’ ಅನ್ನುತ್ತಾರೆ. ಕನ್ನಡದ ಕಿವಿಗೆ ಅದು ಏನು ಕೇಳಿಸುತ್ತದೆಂದು ಅವರಿಗೂ ಗೊತ್ತು, ನಮಗಿಂತ ಮೊದಲೇ ನಕ್ಕು ಮುಗಿಸಿದ್ದಾರೆ. ಅವರಲ್ಲಿ ಅರ್ಧ ಜನಕ್ಕೆ ಮದುವೆಯಾಗಿದೆ, ಮಕ್ಕಳಿವೆ. ಸಂಘದ ಫೋಟೋದಲ್ಲಿ ನಿಲ್ಲಲು ಯಾರೂ ಒಪ್ಪುವುದಿಲ್ಲ. 2009ರಲ್ಲಿ ದೆಹಲಿ ಹೈಕೋರ್ಟು 377ನ್ನು ಸಡಿಲಿಸಿದಾಗ ಸಿಹಿ ಹಂಚಿದವರು, 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ತಂದಾಗ ರಿಜಿಸ್ಟರುಗಳನ್ನು ಬೀರುವಿಗೆ ಹಾಕಿ ಬೀಗ ಜಡಿದರು. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟಿನ ಹೊಸ ತೀರ್ಪಿನಿಂದ ಆ ಭಯ ಕಾನೂನಿನ ಮಟ್ಟಿಗೆ ತೀರಿತು. ಅದೇ ತಿಂಗಳ 10ರಂದು ಎಚ್‌ಐವಿ ಕಾಯ್ದೆಯೂ ಜಾರಿಗೆ ಬಂತು: ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ, ಕೆಲಸದಿಂದ, ಶಾಲೆಯಿಂದ, ಬಾಡಿಗೆ ಮನೆಯಿಂದ ಹೊರಹಾಕುವಂತಿಲ್ಲ. ಬೋರ್ಡಿನ ಮೇಲೆ ಮಾತ್ರ ಆ ಮೂರಕ್ಷರ ಇನ್ನೂ ಬಂದಿಲ್ಲ.

ಚಿಕಿತ್ಸೆಯ ಕತೆ ಇದಕ್ಕೆ ಸಮಾಂತರವಾಗಿ ಸಾಗಿತು. 2001ರಲ್ಲಿ ಔಷಧ ಕಂಪನಿ ಸಿಪ್ಲಾದ ಯೂಸುಫ್ ಹಮೀದ್ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಔಷಧ ಕೊಡುತ್ತೇನೆಂದು ಘೋಷಿಸಿದ ಮೇಲೆ ಜಗತ್ತಿನ ಲೆಕ್ಕಾಚಾರವೇ ಬದಲಾಯಿತು. ವೈರಸ್ಸನ್ನು ಹತ್ತಿಕ್ಕುವ ಮಾತ್ರೆಗಳ ಚಿಕಿತ್ಸೆ, ಅಂದರೆ ಸರ್ಕಾರದ ಉಚಿತ ಎಆರ್‌ಟಿ ಬಂದದ್ದು 2004ರ ಏಪ್ರಿಲ್ 1ರಂದು. ಕರ್ನಾಟಕಕ್ಕೆ ಮೊದಲು ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ. ತುಮಕೂರಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದು, ಶಿವಾಜಿನಗರದಲ್ಲಿ ಸಾಲು ನಿಂತು, ಕತ್ತಲಾದ ಮೇಲೆ ವಾಪಸು. ಪಾವಗಡದವರಿಗೆ ಅದು ಎರಡು ದಿನದ ಕೆಲಸ. ಆಮೇಲೆ ಜಿಲ್ಲಾ ಆಸ್ಪತ್ರೆಯಲ್ಲೇ ಕೇಂದ್ರ ಬಂತು. ಮೊದಲೆಲ್ಲ ರೋಗ ತಡೆಯುವ ಬಿಳಿ ರಕ್ತಕಣಗಳ ಲೆಕ್ಕವಾದ ಸಿಡಿ4 ಎಣಿಕೆ 200ಕ್ಕಿಂತ ಕೆಳಗಿಳಿದವರಿಗೆ ಮಾತ್ರ ಮಾತ್ರೆ. 2017ರಿಂದ ಸೋಂಕು ಖಚಿತವಾದ ಕೂಡಲೇ ಎಲ್ಲರಿಗೂ. ಕಾಯಿಲೆ ಬಿದ್ದ ಮೇಲೆ ಬಾ ಅನ್ನುತ್ತಿದ್ದ ಕೇಂದ್ರ, ಬೀಳುವ ಮೊದಲೇ ಬಾ ಅನ್ನತೊಡಗಿತು. ಮಾತ್ರೆ ತಪ್ಪಿಸದೆ ನುಂಗಿ ವೈರಸ್ ಲೆಕ್ಕಕ್ಕೆ ಸಿಗದಷ್ಟು ಇಳಿದರೆ, ಲೈಂಗಿಕ ಸಂಪರ್ಕದಿಂದ ಅವರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಇದು ಈಗ ಸಿದ್ಧವಾದ ಸಂಗತಿ, ಆದರೆ ಕಟಿಂಗ್ ಶಾಪಿನವರೆಗೆ ಇನ್ನೂ ತಲುಪಿಲ್ಲ.

ಮಾತ್ರೆಯ ಡಬ್ಬಿಗೆ ಒಂದು ಕೆಟ್ಟ ಗುಣವಿದೆ: ಸದ್ದು ಮಾಡುತ್ತದೆ. ಬಸ್ಸು ಹಂಪ್ ಹತ್ತಿಳಿದಾಗಲೆಲ್ಲ ಬ್ಯಾಗಿನೊಳಗೆ ಗಲಗಲ. ಅದಕ್ಕೇ ಅನೇಕರು ಕೇಂದ್ರದ ಹೊರಗಿನ ಮರದಡಿಯೇ ಡಬ್ಬಿ ಬಿಚ್ಚಿ, ಮಾತ್ರೆಗಳನ್ನು ಪ್ಲಾಸ್ಟಿಕ್ ಕವರಿಗೆ ಸುರಿದುಕೊಂಡು, ಖಾಲಿ ಡಬ್ಬಿಯ ಲೇಬಲ್ ಕಿತ್ತು ಎಸೆದು ಹೋಗುತ್ತಾರೆ. ಹಾಗೆ ಮಾಡಿದರೆ ಮಾತ್ರೆ ತೇವ ಹಿಡಿಯುತ್ತದೆ ಅಂತ ಬೈದು, ಡಬ್ಬಿಯ ಬಾಯಿಗೆ ಹತ್ತಿ ತುರುಕುವುದನ್ನು ಹೇಳಿಕೊಟ್ಟವಳು ಒಬ್ಬ ಪೀರ್. ಅವಳಿಗೆ ಅದು ಹೇಗೆ ಗೊತ್ತು ಅಂತ ಯಾರೂ ಕೇಳಲಿಲ್ಲ.

ಫಲ ಬಂದಿದೆ. 2021ರ ಅಂದಾಜಿನಂತೆ ದೇಶದಲ್ಲಿ ಎಚ್‌ಐವಿ ಜೊತೆ ಬದುಕುತ್ತಿರುವವರು ಸುಮಾರು 24 ಲಕ್ಷ, ಕರ್ನಾಟಕದಲ್ಲಿ 2.70 ಲಕ್ಷ, ಮಹಾರಾಷ್ಟ್ರ, ಆಂಧ್ರ ಬಿಟ್ಟರೆ ನಾವೇ. 2010ಕ್ಕೆ ಹೋಲಿಸಿದರೆ ಆ ಹೊತ್ತಿಗೆ ದೇಶದಲ್ಲಿ ಹೊಸ ಸೋಂಕು ಶೇ 46ರಷ್ಟು ಇಳಿದಿತ್ತು. ಮಾರಕ ರೋಗವೆಂದು ಹೆದರಿಸಿದ ಗೋಡೆಬರಹ ಇದನ್ನು ಮಾಡಲಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಆದರೆ ಇಳಿಕೆಯೇ ಈಗ ಸಂಘಗಳಿಗೆ ಮುಳುವಾಗಿದೆ. ಆವಾಹನ್ 2009ರಿಂದ ಹಂತಹಂತವಾಗಿ ಎಲ್ಲವನ್ನೂ ಸರ್ಕಾರಕ್ಕೆ ಒಪ್ಪಿಸಿ ಹೊರಟಿತು. ರೋಗ ಕಡಿಮೆಯಾಗಿದೆಯಲ್ಲ, ಇಷ್ಟು ಖರ್ಚು ಯಾಕೆ ಅನ್ನುವ ಪ್ರಶ್ನೆ ಪ್ರತಿ ಸಭೆಯಲ್ಲೂ ಏಳುತ್ತದೆ. ಯೋಜನೆಯ ದುಡ್ಡಿನ ಕಂತು ತಡವಾದ ತಿಂಗಳು ಪೀರ್‌ಗಳು ಕೈಯಿಂದಲೇ ಬಸ್‌ಚಾರ್ಜು ಹಾಕಿ ಫೀಲ್ಡಿಗೆ ಹೋಗುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಎಆರ್‌ಟಿ ಮಾತ್ರೆಗಳನ್ನು ತರಕಾರಿ ಚೀಲದ ಅಡಿಯಲ್ಲಿಟ್ಟು ಹಳ್ಳಿಗೆ ಮುಟ್ಟಿಸಿದ್ದೂ ಇವರೇ. ಆಗ ಖರ್ಚಿನ ಪ್ರಶ್ನೆ ಯಾರೂ ಎತ್ತಿರಲಿಲ್ಲ.

ಈಗ ಗೋಡೆಯ ನಕ್ಷೆ ಹಳತಾಗಿದೆ. ನಿಲ್ದಾಣದಲ್ಲಿ ನಿಲ್ಲುವವರು ವಯಸ್ಸಾದವರು. ಹೊಸಬರೆಲ್ಲ ಫೋನಿನೊಳಗೆ: ವಾಟ್ಸಾಪ್, ಆಪ್, ಲೊಕೇಶನ್ ಕಳಿಸಿದರೆ ಲಾಡ್ಜು. ಜನ ಸೇರುವ ಜಾಗಕ್ಕೆ ಫೀಲ್ಡಿನವರು ಹಾಟ್‌ಸ್ಪಾಟ್ ಅನ್ನುತ್ತಾರೆ; ಫೋನಿನೊಳಗಿನ ಹಾಟ್‌ಸ್ಪಾಟಿಗೆ ನಿರೋಧ್ ಒಯ್ಯುವುದು ಹೇಗೆ ಅಂತ ಯಾವ ತರಬೇತಿಯೂ ಪೂರ್ತಿ ಹೇಳಿಕೊಟ್ಟಿಲ್ಲ. ಮೊನ್ನೆ ಹೋದಾಗ ಕೋಣೆಯಲ್ಲಿ ವಾರದ ರಿವ್ಯೂ ನಡೆಯುತ್ತಿತ್ತು. ಓಆರ್‌ಡಬ್ಲ್ಯೂ ಒಬ್ಬೊಬ್ಬರ ಪುಸ್ತಕ ತೆಗೆದು ನೋಡುತ್ತಿದ್ದಳು. ಒಬ್ಬ ಹಿರಿಯ ಪೀರ್ ಅರವತ್ತರಲ್ಲಿ ಐವತ್ತೇಳಕ್ಕೆ ಗೆರೆ ಹಾಕಿದ್ದಳು. ಮೂರು ಮನೆ ಖಾಲಿ. ಒಬ್ಬಳು ತವರಿಗೆ ಹೋಗಿದ್ದಾಳೆ, ಒಬ್ಬಳು ಫೋನ್ ನಂಬರ್ ಬದಲಿಸಿದ್ದಾಳೆ. ಮೂರನೆಯದು ಮಲ್ಲಿಗೆ ಮೊಗ್ಗು.

‘ಇವಳೆಲ್ಲಿ ಅಕ್ಕ?’ ಅಂತ ಓಆರ್‌ಡಬ್ಲ್ಯೂ ಕೇಳಿದಳು.

‘ಗುಬ್ಬಿ ಕಡೆ ಮನೆ ಮಾಡವ್ಳಂತೆ. ಶನಿವಾರ ಹೋಗ್ ನೋಡ್ಕಂಡ್ ಬತ್ತೀನಿ’ ಅಂದು, ಅವಳು ಪುಸ್ತಕ ವಾಪಸು ತಗೊಂಡು ಚೀಲದಲ್ಲಿ ಟಿಫಿನ್ ಡಬ್ಬಿಯ ಕೆಳಗಿಟ್ಟಳು.