ಗಿರ್ಲಿನ ಮೀಸೆಗೊಂದು ಮನೆ

ಗಿರ್ಲು ಅಂದರೆ ಮೀಸೆಯಿರುವ ಒಂದು ಸಣ್ಣ ಕ್ಯಾಟ್‌ಫಿಶ್. ಅದನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದದ್ದು ಸೊರಬದ ಕಡೆಯ ಒಂದು ಕೆರೆಬೇಟೆಯಲ್ಲಿ. ಬೇಸಿಗೆಯಲ್ಲಿ ಕೆರೆ ನೀರು ಮೊಣಕಾಲಿಗೆ ಇಳಿದಾಗ ಊರವರೆಲ್ಲ ಮೀನು ಹಿಡಿಯುವ ಬಿದಿರಿನ ಬುಟ್ಟಿ, ಅಂದರೆ ಕೂಣಿ ಹಿಡಿದು ಒಟ್ಟಿಗೆ ಕೆರೆಗೆ ಇಳಿಯುತ್ತಾರೆ. ನೆಂಟರೊಬ್ಬರು ಕೂಣಿಯೊಳಗೆ ಕೈಹಾಕಿ ಬೆರಳುದ್ದದ ಮೀನೊಂದನ್ನು ಹೊರತೆಗೆದರು. "ಹುಷಾರು, ಪಕ್ಕದ ಮುಳ್ಳು ಚುಚ್ಚಿದ್ರೆ ಸಂಜೆವರೆಗೂ ಉರಿ" ಅಂತ ಹೇಳಿ ನನ್ನ ಅಂಗೈಗಿಟ್ಟರು. ಮೀನು ಕಿರ್ರ್ ಕಿರ್ರ್ ಅಂದಿತು! ಎದೆಯ ಪಕ್ಕದ ರೆಕ್ಕೆಗಳ ಮುಂದೆ ಗಟ್ಟಿ ಮುಳ್ಳು ಇರುತ್ತದೆ. ಅದರ ಬುಡ ಕೀಲಿನೊಳಗೆ ಉಜ್ಜಿದಾಗ ಬರುವ ಸದ್ದು ಅದು.

ಅವತ್ತು ಐದು ಮರಿಗಳು ಕ್ಯಾನಿನಲ್ಲಿ ನನ್ನ ಜೊತೆ ಬೆಂಗಳೂರಿಗೆ ಬಂದವು. ಮೈಮೇಲೆ ಉದ್ದುದ್ದ ಗೆರೆ, ಕಿವಿರಿನ ಹಿಂದೆ ಒಂದು ಕಪ್ಪು ಬೊಟ್ಟು. ವಿಜ್ಞಾನದಲ್ಲಿ ಇದಕ್ಕೆ ಮಿಸ್ಟಸ್ ವಿಟ್ಟೇಟಸ್ ಎಂದು ಹೆಸರು. 1794ರಲ್ಲಿ ಜರ್ಮನಿಯ ಮೀನುತಜ್ಞ ಬ್ಲಾಖ್ ಇದನ್ನು ವಿವರಿಸಿದರು. ಪಾಕಿಸ್ತಾನದಿಂದ ಬಾಂಗ್ಲಾದೇಶದವರೆಗೆ, ಕೆಳಗೆ ಶ್ರೀಲಂಕಾದವರೆಗೆ, ಕೆರೆ, ಕಾಲುವೆ, ಗದ್ದೆಗಳಲ್ಲಿ ಧಾರಾಳವಾಗಿ ಸಿಗುವ ಮೀನು. ಮನೆಯಲ್ಲಿ ಸಾಕುವ ಆಸೆ ಇದ್ದರೆ ಇಂಥ ಸಾಮಾನ್ಯ ಮೀನನ್ನೇ ಆರಿಸಬೇಕು. ಘಟ್ಟದ ಹೊಳೆಗಳಲ್ಲಿ ಬಂಡೆಗೆ ಎದೆ ಅಂಟಿಸಿಕೊಂಡು ಬದುಕುವ ಕ್ಯಾಟ್‌ಫಿಶ್‌ಗಳಿವೆ. ಅವಕ್ಕೆ ತಣ್ಣಗೆ ರಭಸವಾಗಿ ಹರಿಯುವ ನೀರೇ ಬೇಕು. ಅವನ್ನು ಅಲ್ಲೇ ನೋಡಿ ಖುಷಿಪಡೋಣ. ಅಭಯಾರಣ್ಯದೊಳಗಿನ ಹೊಳೆಯಿಂದಂತೂ ಯಾವ ಮೀನನ್ನೂ ತರುವಂತಿಲ್ಲ.

ಮೊದಲ ತಪ್ಪು ನನ್ನದೇ. ನೋಡೋಕೆ ಚೆನ್ನಾಗಿರುತ್ತೆ ಅಂತ ತೊಟ್ಟಿಯ ತಳಕ್ಕೆ ಬಣ್ಣದ ಜಲ್ಲಿಕಲ್ಲು ಹಾಕಿದೆ. ಮೇಲಿಂದ ಜೋರು ಎಲ್‌ಇಡಿ ಬೆಳಕು. ಎರಡು ತಿಂಗಳಾಗುವಷ್ಟರಲ್ಲಿ ಒಂದು ಮೀನಿನ ಎಡಗಡೆಯ ಉದ್ದ ಮೀಸೆ ಅರ್ಧಕ್ಕೆ ಸವೆದಿತ್ತು. ತುದಿ ಬೆಳ್ಳಗೆ, ದಾರ ಬಿಚ್ಚಿದ ಹಾಗೆ. ಕಲ್ಲಿನ ಚೂಪು ಒಂದು ಕಾರಣ. ಕಲ್ಲುಗಳ ಸಂದಿಯಲ್ಲಿ ಕೊಳೆಯುತ್ತಿದ್ದ ಮೇವು ಇನ್ನೂ ದೊಡ್ಡ ಕಾರಣ.

ಮೀಸೆ ಸವೆದರೆ ಏನಾಯ್ತು ಅನ್ನಬಹುದು. ಗಿರ್ಲಿಗೆ ನಾಲ್ಕು ಜೊತೆ ಮೀಸೆ. ಮೇಲ್ದವಡೆಯ ಜೊತೆ ಎಷ್ಟು ಉದ್ದವೆಂದರೆ, ಹಿಂದಕ್ಕೆ ಮಡಿಸಿದರೆ ಹೊಟ್ಟೆಯ ರೆಕ್ಕೆಯನ್ನೂ ದಾಟುತ್ತದೆ. ಕ್ಯಾಟ್‌ಫಿಶ್‌ಗಳ ಮೀಸೆಯ ತುಂಬ ರುಚಿಮೊಗ್ಗುಗಳಿರುತ್ತವೆ. ನಮ್ಮ ನಾಲಿಗೆ ಮೇಲೆ ಇರುವಂಥವೇ. ಮೀಸೆಯಲ್ಲಷ್ಟೇ ಅಲ್ಲ, ಮೈಯ ಚರ್ಮದಲ್ಲೂ ಇವೆ. ಅಮೆರಿಕದ ಒಂದು ಜಾತಿಯ ಕ್ಯಾಟ್‌ಫಿಶ್‌ನಲ್ಲಿ ಇವುಗಳ ಲೆಕ್ಕ ಲಕ್ಷ ದಾಟುತ್ತದೆ; ಮನುಷ್ಯರಲ್ಲಿರುವುದು ಕೆಲವು ಸಾವಿರ. ಅಲ್ಲಿನ ಕ್ಯಾಟ್‌ಫಿಶ್‌ಗಳ ಬಗ್ಗೆ 1967ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಾಸನೆಯ ಶಕ್ತಿ ಇಲ್ಲದಿದ್ದರೂ ಅವು ನೀರಿನಲ್ಲಿ ಹರಡಿದ ರುಚಿಯ ಜಾಡು ಹಿಡಿದೇ ದೂರದ ಮೇವನ್ನು ತಲುಪುತ್ತವೆ ಎಂದು ತೋರಿಸಿತು. ಕೆಸರು ನೀರಿನಲ್ಲಿ, ಅದೂ ರಾತ್ರಿ ಹೊತ್ತು, ಕಣ್ಣು ಏನು ಮಾಡೀತು? ಗಿರ್ಲಿಗೆ ದಾರಿ ತೋರುವುದು ಮೀಸೆ. ಅದನ್ನು ನಾನು ನನ್ನ ಕಣ್ಣಿನ ಚಂದಕ್ಕಾಗಿ ಸವೆಸಿದ್ದೆ.

ಆಮೇಲೆ ತೊಟ್ಟಿಯನ್ನು ಮೀಸೆಗೆ ಒಪ್ಪುವ ಹಾಗೆ ಮತ್ತೆ ಕಟ್ಟಿದೆ. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ, ಅಂದರೆ ಸುಮಾರು 190 ಲೀಟರ್. ತಳಕ್ಕೆ ಚೆನ್ನಾಗಿ ತೊಳೆದ ನುಣುಪು ಮರಳು. ಎರಡು ತುಂಡು ಪಿವಿಸಿ ಪೈಪು, ಒಂದು ಮರದ ಬೇರು, ಒಂದಷ್ಟು ಒಣ ಬಾದಾಮಿ ಎಲೆ. ಬೆಳಕು ಮಂದ.

ಆದರೆ ಮೀನಿಗಿಂತ ಮೊದಲು ತೊಟ್ಟಿಗೆ ಬರಬೇಕಾದವು ಬ್ಯಾಕ್ಟೀರಿಯಾಗಳು. ಮೀನು ಕಿವಿರಿನ ಮೂಲಕ ಸದಾ ಅಮೋನಿಯ ಹೊರಹಾಕುತ್ತಿರುತ್ತದೆ. ಕೆರೆಯಲ್ಲಾದರೆ ಅದು ಕರಗಿ ಹೋಗುತ್ತದೆ. ಗಾಜಿನ ಡಬ್ಬಿಯಲ್ಲಿ ಎಲ್ಲಿಗೆ ಹೋಗಬೇಕು? ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ವಿಷ, ಮೂರನೆಯದು ಅಷ್ಟು ಕೆಟ್ಟದ್ದಲ್ಲ. ಈ ಸಂಸಾರ ನೆಲೆಗೊಳ್ಳೋಕೆ ನಾಲ್ಕರಿಂದ ಆರು ವಾರ ಬೇಕು. ಬೋರ್‌ವೆಲ್ ನೀರು ಬಳಸುವವರು ಇನ್ನೂ ಒಂದು ವಿಷಯ ಗಮನಿಸಬೇಕು. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 7ರಿಂದ 8ಕ್ಕೆ ಏರಿದರೆ, ಒಟ್ಟು ಅಮೋನಿಯ ಅಷ್ಟೇ ಇದ್ದರೂ ಅದರಲ್ಲಿ ವಿಷವಾಗಿರುವ ಪಾಲು ಸುಮಾರು 10 ಪಟ್ಟು ಜಾಸ್ತಿಯಾಗುತ್ತದೆ. ಹಾಗಾಗಿ ನಾನು ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತೇನೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆದೇ ಹಾಕುವುದು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ನಲ್ಲಿ ಕೆಳಗೆ ತೊಳೆದರೆ ಬ್ಯಾಕ್ಟೀರಿಯಾ ಸಾಯುತ್ತವೆ.

ಗಿರ್ಲಿಗೆ ಹುರುಪೆ ಇಲ್ಲ. ಬೇರೆ ಮೀನುಗಳಿಗೆ ಕೊಡುವ ತಾಮ್ರದ ಔಷಧಿಗಳು ಇದಕ್ಕೆ ಬಲು ಬೇಗ ಹೆಚ್ಚಾಗುತ್ತವೆ. ಬಲೆಯಲ್ಲೂ ಹಿಡಿಯಬೇಡಿ. ಹೆದರಿದ ಗಿರ್ಲು ಮುಳ್ಳನ್ನು ಅಗಲಿಸಿ ಬೀಗ ಹಾಕಿಕೊಳ್ಳುತ್ತದೆ, ಬಿಡಿಸುವಷ್ಟರಲ್ಲಿ ಅದಕ್ಕೂ ಗಾಯ, ನಮಗೂ ಗಾಯ. ಪ್ಲಾಸ್ಟಿಕ್ ಡಬ್ಬಿಯನ್ನು ಎದುರಿಗೆ ಹಿಡಿದರೆ ಅದೇ ಒಳಗೆ ಬರುತ್ತದೆ. ಚೇಳು ಮೀನು ತರುವ ಯೋಚನೆ ಇದ್ದವರಿಗೆ ಒಂದೇ ಮಾತು: ಮನೆಯಲ್ಲಿ ಮಕ್ಕಳಿದ್ದರೆ ಬೇಡವೇ ಬೇಡ. ಅದರ ಮುಳ್ಳಿನಲ್ಲಿ ನಿಜವಾದ ವಿಷವಿದೆ.

ರಾತ್ರಿ ಒಂಬತ್ತೂವರೆಗೆ ಹಾಲ್‌ನ ದೀಪ ಆರಿಸಿ, ಮೂಲೆಯಲ್ಲಿ ಒಂದು ಸಣ್ಣ ಬಲ್ಬ್ ಮಾತ್ರ ಉಳಿಸಿ ತೊಟ್ಟಿಯ ಮುಂದೆ ಕೂರುತ್ತೇನೆ. ಚಪ್ಪಟೆ ಕಲ್ಲಿನ ಅಡಿಗೆ ಸಿಗಡಿಯ ಚೂರೊಂದನ್ನು ಬಚ್ಚಿಟ್ಟಿರುತ್ತೇನೆ. ಮೊದಲು ಪೈಪಿನ ಬಾಯಲ್ಲಿ ಎರಡು ಮೀಸೆ ಕಾಣುತ್ತವೆ. ಮೀನು ಹೊರಬಂದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತದೆ. ಉದ್ದ ಮೀಸೆಗಳು ಮುಂದಕ್ಕೆ ಚಾಚಿರುತ್ತವೆ, ಗಲ್ಲದವು ಮರಳನ್ನು ತಡವುತ್ತಿರುತ್ತವೆ. ಮೀಸೆ ಕಲ್ಲಿನ ಅಂಚಿಗೆ ತಾಗಿದ ಕ್ಷಣ ಮೈ ಪೂರಾ ಅತ್ತ ತಿರುಗುತ್ತದೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಮಿಕ್ಸಿ ಶುರುವಾದರೆ ಮುಗಿಯಿತು, ಐದೂ ಮಾಯ. ಇವುಗಳ ಗಾಳಿಚೀಲಕ್ಕೂ ಒಳಕಿವಿಗೂ ನಡುವೆ ಪುಟ್ಟ ಮೂಳೆಗಳ ಸರಪಳಿ ಇದೆ. 1820ರಲ್ಲಿ ಅದನ್ನು ವಿವರಿಸಿದ ವೆಬರ್ ಅವರ ಹೆಸರೇ ಆ ಮೂಳೆಗಳಿಗಿದೆ. ಗಾಳಿಚೀಲ ಸದ್ದಿಗೆ ನಡುಗುತ್ತದೆ, ಮೂಳೆಗಳು ಆ ನಡುಕವನ್ನು ಕಿವಿಗೆ ಮುಟ್ಟಿಸುತ್ತವೆ. ಅದಕ್ಕೇ ಈಗ ನಮ್ಮ ಮನೆಯಲ್ಲಿ ಚಟ್ನಿ ಬೆಳಿಗ್ಗೆಯೇ ರುಬ್ಬುತ್ತೇವೆ.

ಸಾಕೋಕೆ ಆಗದಿದ್ದರೆ ಕೆರೆಗೆ ಬಿಟ್ಟರಾಯ್ತು ಅನ್ನುವವರಿದ್ದಾರೆ. ದಯವಿಟ್ಟು ಬಿಡಬೇಡಿ. ತೊಟ್ಟಿಯಲ್ಲಿದ್ದ ಮೀನು ಬೇರೆ ಮೀನುಗಳ ರೋಗ ಹೊತ್ತಿರಬಹುದು. ಗಾಜು ಕ್ಲೀನ್ ಮಾಡುತ್ತೆ ಅಂತ ಅಂಗಡಿಯಲ್ಲಿ ಮಾರುವ ದಕ್ಷಿಣ ಅಮೆರಿಕದ ಮೀನನ್ನೇ ನೋಡಿ. ಬೆಳೆದು ಅಡಿಗಿಂತ ದೊಡ್ಡದಾದಾಗ ಜನ ಕೆರೆಗೆ ಬಿಟ್ಟರು. ಈಗ ನಮ್ಮ ಕೆರೆಗಳಲ್ಲಿ ಅದು ಬೀಡುಬಿಟ್ಟಿದೆ. ಗಿರ್ಲು ಇರಬೇಕಾದ ಜಾಗ ಅದು. ಸಾಕಲಾಗದಿದ್ದರೆ ಸಾಕುವ ಇನ್ನೊಬ್ಬರಿಗೆ ಕೊಡಿ.

ಮೀಸೆ ಸವೆದಿದ್ದ ಮೀನು ಇನ್ನೂ ನಮ್ಮಲ್ಲಿದೆ. ಮರಳು ಹಾಕಿದ ನಾಲ್ಕನೇ ತಿಂಗಳಲ್ಲಿ ಒಂದು ರಾತ್ರಿ ಅದು ಗಾಜಿನ ಹತ್ತಿರ ಬಂತು. ಎಡಮೀಸೆ ಬಲಮೀಸೆಗಿಂತ ಒಂದು ಅಕ್ಕಿಕಾಳಿನಷ್ಟೇ ಗಿಡ್ಡವಿತ್ತು. ತುದಿ ತೆಳ್ಳಗೆ, ಕಪ್ಪಾಗಿ, ಗಾಜನ್ನು ತಡವುತ್ತಿತ್ತು.