ಒಂದೇ ಜೀನ್, ಎರಡು ಚಿತ್ರ: ಮೆದುಳಿನ ನಕ್ಷೆಯಲ್ಲಿ ಯಾವುದನ್ನು ನಂಬುವುದು?

ಪ್ರಶ್ನೆ: ಡೋಪಮಿನ್ ಟ್ರಾನ್ಸ್‌ಪೋರ್ಟರ್ ಎಂಬ ಪ್ರೋಟೀನು ಇಲಿಯ ಮೆದುಳಿನಲ್ಲಿ ಎಲ್ಲಿದೆ ಎಂದು ಹುಡುಕಿದೆ. ಒಂದು ಚಿತ್ರದಲ್ಲಿ ನಡುಮೆದುಳು ಬಣ್ಣಗೊಂಡಿದೆ, ಇನ್ನೊಂದರಲ್ಲಿ ಬಹಳ ಮುಂದಿರುವ ಸ್ಟ್ರಯೇಟಮ್. ಯಾವುದು ಸರಿ?
– ಪ್ಲಸ್ ಟು ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಎರಡೂ ಸರಿ. ಮೊದಲನೆಯದರಲ್ಲಿ ಬಣ್ಣ ಹಿಡಿದಿರುವುದು ಮೆಸೆಂಜರ್ ಆರ್‌ಎನ್‌ಎ, ಅಂದರೆ ಪ್ರೋಟೀನು ತಯಾರಿಸಲು ಜೀನ್‌ನಿಂದ ಬರುವ ಆದೇಶ. ಎರಡನೆಯದರಲ್ಲಿ ಬಣ್ಣ ಹಿಡಿದಿರುವುದು ತಯಾರಾದ ಪ್ರೋಟೀನು. ಗುಂಡಗಿನ ಪುಟ್ಟ ಕೋಶದಲ್ಲಿ ಇವೆರಡರ ನಡುವೆ ದೂರವೇ ಇರುವುದಿಲ್ಲ. ನರಕೋಶ ಹಾಗಲ್ಲ. ಅದರ ಆಕ್ಸಾನ್ ಎಂಬ ಎಳೆ ಬಹಳ ಉದ್ದ. ಮನುಷ್ಯರ ಬೆನ್ನುಹುರಿಯಿಂದ ಪಾದಕ್ಕೆ ಹೋಗುವ ಎಳೆ ಸುಮಾರು ಒಂದು ಮೀಟರ್ ಇರುತ್ತದೆ. ಡೋಪಮಿನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಬಿಡುವ ಕೋಶಗಳ ಒಡಲು ಇರುವುದು ನಡುಮೆದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಮತ್ತು ಅದರ ನೆರೆಯಲ್ಲಿ. ಅಲ್ಲಿ ತಯಾರಾದ ಪ್ರೋಟೀನು ಆಕ್ಸಾನಿನೊಳಗೆ ಸಾಗಿ ಸ್ಟ್ರಯೇಟಮ್‌ನಲ್ಲಿರುವ ತುದಿಗಳನ್ನು ಸೇರುತ್ತದೆ. ನಿಮ್ಮೂರಿನ ತೋಟದ ಅಡಿಕೆ ಮಂಗಳೂರಿನ ಗೋದಾಮಿನಲ್ಲಿ ರಾಶಿ ಬಿದ್ದಂತೆ. ಹಾಗಾಗಿ ಸ್ಟ್ರಯೇಟಮ್‌ನ ಕೋಶಗಳೇ ಇದನ್ನು ತಯಾರಿಸುತ್ತವೆ ಎಂದು ದಯವಿಟ್ಟು ಬರೆಯಬೇಡಿ.

ಎಲ್ಲ ಆರ್‌ಎನ್‌ಎಯೂ ಒಡಲಲ್ಲೇ ಉಳಿಯುತ್ತದೆ ಎಂದೂ ಅಲ್ಲ. ಕ್ಯಾಮ್‌ಕೈನೇಸ್-2 ಆಲ್ಫಾ ಎಂಬ ಪ್ರೋಟೀನಿನ ಆರ್‌ಎನ್‌ಎ ಡೆಂಡ್ರೈಟುಗಳಿಗೂ, ಅಂದರೆ ಸಂದೇಶ ಪಡೆಯುವ ಕವಲುಗಳಿಗೂ, ಹೋಗುತ್ತದೆ, ಅಲ್ಲೇ ಪ್ರೋಟೀನೂ ತಯಾರಾಗುತ್ತದೆ. ನನಗೆ ಬಹಳ ಇಷ್ಟವಾದ ಅಪವಾದ ಇದು.

ಆರ್‌ಎನ್‌ಎ ಹುಡುಕುವುದು ಹೋಲಿಕೆಯಲ್ಲಿ ಸುಲಭ. ಅದರ ಅಕ್ಷರಗಳಿಗೆ ಸರಿಹೊಂದುವ ಎಳೆಯೊಂದನ್ನು ತಯಾರಿಸಿ, ಮೆದುಳಿನ ತೆಳು ಸೀಳಿನ ಮೇಲೆ ಬಿಟ್ಟರೆ ಜೋಡಿ ಸಿಕ್ಕಲ್ಲಿ ಅಂಟಿಕೊಳ್ಳುತ್ತದೆ. ಸಿಯಾಟಲ್‌ನ ಅಲೆನ್ ಸಂಸ್ಥೆ ಹೀಗೆ ಸುಮಾರು 20,000 ಜೀನ್‌ಗಳ ನಕ್ಷೆಯನ್ನು 2006ರಲ್ಲಿ ಪೂರ್ಣಗೊಳಿಸಿ, ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಕಾಸರಗೋಡಿನ ಶಾಲೆಯಲ್ಲಿ ಕುಳಿತು ಅದನ್ನು ನೋಡಬಹುದು ಎಂಬುದು ನಿಜಕ್ಕೂ ದೊಡ್ಡ ಸಂಗತಿ.

ಪ್ರೋಟೀನಿಗೆ ಬೇಕಾಗುವುದು ಪ್ರತಿಕಾಯ. ಅದು ಗುರಿಯ ಪ್ರೋಟೀನಿಗೆ ಅಂಟಿದ ಜಾಗವನ್ನು ಕಂದು ಬಣ್ಣದಿಂದಲೋ ಹೊಳೆಯುವ ಬಣ್ಣದಿಂದಲೋ ಗುರುತಿಸುತ್ತಾರೆ. ತೊಂದರೆ ಇರುವುದು ಇಲ್ಲೇ: ಪ್ರತಿಕಾಯವು ಹೋಲುವ ಬೇರೊಂದು ಪ್ರೋಟೀನಿಗೂ ಅಂಟಬಹುದು, ಆಗಲೂ ಚಿತ್ರ ಅಷ್ಟೇ ಚೆನ್ನಾಗಿ ಬರುತ್ತದೆ. ಆ ಜೀನನ್ನೇ ತೆಗೆದುಹಾಕಿದ ಇಲಿಯ ಮೆದುಳಿಗೂ ಅದೇ ಪ್ರತಿಕಾಯ ಹಾಕಿ ನೋಡುವುದು ಇದಕ್ಕೆ ಗಟ್ಟಿ ಪರೀಕ್ಷೆ. ಅಲ್ಲಿ ಬಣ್ಣ ಬರಬಾರದು. ಈ ಪರೀಕ್ಷೆಯೋ, ಅಷ್ಟೇ ಗಟ್ಟಿಯಾದ ಬೇರೊಂದು ಆಧಾರವೋ ಇಲ್ಲದ ಚಿತ್ರವನ್ನು, ಅದೆಷ್ಟೇ ಸುಂದರವಾಗಿದ್ದರೂ, ನಾನು ನಂಬುವುದಿಲ್ಲ. ನೀವೂ ಮೊದಲು ಅದನ್ನೇ ಹುಡುಕಿ.

ನೀವು ಆರಿಸಿದ ಪ್ರೋಟೀನನ್ನು ಬದುಕಿರುವ ಮನುಷ್ಯರಲ್ಲೂ ನೋಡಲಾಗುತ್ತದೆ. ಪಾರ್ಕಿನ್ಸನ್ ಕಾಯಿಲೆಯ ಸಂದೇಹವಿದ್ದಾಗ ಮಾಡುವ ಟ್ರೋಡ್ಯಾಟ್ ಸ್ಕ್ಯಾನ್‌ನಲ್ಲಿ, ಈ ಟ್ರಾನ್ಸ್‌ಪೋರ್ಟರಿಗೆ ಅಂಟುವ ವಿಕಿರಣಶೀಲ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಈ ಕಾಯಿಲೆಯಲ್ಲಿ ಸಾಯುವ ಡೋಪಮಿನ್ ಕೋಶಗಳ ಒಡಲು ನಡುಮೆದುಳಿನಲ್ಲಿದ್ದರೂ ವೈದ್ಯರು ನೋಡುವುದು ಸ್ಟ್ರಯೇಟಮ್ ಅನ್ನು. ಕಾಯಿಲೆಯಿದ್ದರೆ ಸಾಮಾನ್ಯವಾಗಿ ಅದರ ಹಿಂಭಾಗ ಮೊದಲು ಮಂಕಾಗಿ ಕಾಣುತ್ತದೆ, ಹೆಚ್ಚಾಗಿ ಒಂದು ಬದಿಯಲ್ಲಿ ಇನ್ನೊಂದಕ್ಕಿಂತ ಜಾಸ್ತಿ.