ಕೀನ್ಯಾದಲ್ಲಿ ದೀಪಾವಳಿಗೆ ಸರ್ಕಾರಿ ರಜೆ ಇದೆಯಾ?

ಪ್ರಶ್ನೆ: ನನಗೆ ನೈರೋಬಿಯಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ದೀಪಾವಳಿಗೆ ಸರ್ಕಾರಿ ರಜೆ ಇದೆ ಅಂತ ಒಬ್ಬರು ಹೇಳುತ್ತಾರೆ, ಇಲ್ಲವೇ ಇಲ್ಲ ಅಂತ ಇನ್ನೊಬ್ಬರು. ಯಾವುದನ್ನು ನಂಬಲಿ?

ಉತ್ತರ: ಇಬ್ಬರು ಹೇಳಿದ್ದೂ ಸರಿ. ರಜೆ ಇದೆ, ಆದರೆ ಹಿಂದೂಗಳಿಗೆ ಮಾತ್ರ.

ಕೀನ್ಯಾದ ಸಾರ್ವಜನಿಕ ರಜೆ ಕಾಯ್ದೆಯಲ್ಲಿ ರಜೆಗಳ ಪಟ್ಟಿ ಎರಡು ಭಾಗವಾಗಿದೆ. ಮೊದಲನೆಯದು ಎಲ್ಲರಿಗೂ. ಹೊಸ ವರ್ಷ, ಗುಡ್ ಫ್ರೈಡೇ, ಈಸ್ಟರ್ ಸೋಮವಾರ, ಮೇ ದಿನ, ರಂಜಾನ್, ಕ್ರಿಸ್ಮಸ್ ಎಲ್ಲ ಅದರಲ್ಲಿವೆ. ಎರಡನೆಯದು ಆಯಾ ಧರ್ಮದವರಿಗೆ. ಮುಸ್ಲಿಮರಿಗೆ ಬಕ್ರೀದ್, ಹಿಂದೂಗಳಿಗೆ ದೀಪಾವಳಿ. ಬಕ್ರೀದ್‌ಗೆ ಬಹಳ ಸಲ ಸರ್ಕಾರ ಎಲ್ಲರಿಗೂ ರಜೆ ಕೊಟ್ಟಿದೆ. ದೀಪಾವಳಿಗೆ ಆ ಭಾಗ್ಯ ಇಲ್ಲ. ಬ್ಯಾಂಕು, ಸರ್ಕಾರಿ ಕಚೇರಿ ಎಂದಿನಂತೆ ತೆರೆದಿರುತ್ತವೆ, ನಿಮ್ಮ ಪಕ್ಕದ ಮೇಜಿನವರು ಕೆಲಸಕ್ಕೆ ಬಂದಿರುತ್ತಾರೆ. ನೀವು ಮನೆಯಲ್ಲಿರಬಹುದು. ನಮ್ಮ ಸರ್ಕಾರಿ ನೌಕರರ ಪರಿಮಿತ ರಜೆ ನೆನಪಾಗಬಹುದು, ಆದರೆ ನಮ್ಮಲ್ಲಿಯ ಹಾಗೆ ಪಟ್ಟಿಯಿಂದ ಬೇಕಾದ ಹಬ್ಬ ಆರಿಸಿಕೊಳ್ಳುವ ಅವಕಾಶ ಕೀನ್ಯಾದಲ್ಲಿಲ್ಲ.

ಇನ್ನೊಂದು ಮಾತು. ಕಾಯ್ದೆಯಲ್ಲಿರುವುದು ಒಂದೇ ದಿನ. ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೂ ಬಲಿಪಾಡ್ಯಮಿಗೂ ಬೇರೆ ಬೇರೆ ರಜೆ ಬೇಕು ಅಂದರೆ ನಿಮ್ಮ ಸ್ವಂತ ರಜೆಯನ್ನೇ ಹಾಕಬೇಕು. ಯುಗಾದಿ, ಗಣೇಶನ ಹಬ್ಬಕ್ಕೂ ಅದೇ ಕಥೆ.

ದೂರದ ಆಫ್ರಿಕಾದ ಕಾನೂನಿನಲ್ಲಿ ದೀಪಾವಳಿಯ ಹೆಸರು ಹೇಗೆ ಬಂತು ಅನ್ನಿಸಬಹುದು ಅಲ್ವಾ? ಬ್ರಿಟಿಷರು 1896ರಲ್ಲಿ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ಕಡೆಗೆ ರೈಲು ಹಾದಿ ಹಾಕಲು ಹೊರಟರು. ಕೆಲಸಕ್ಕೆ ಭಾರತದಿಂದ 30,000ಕ್ಕೂ ಜಾಸ್ತಿ ಜನರನ್ನು ಕರೆತಂದರು. 1901ರಲ್ಲಿ ಹಳಿ ಸರೋವರ ಮುಟ್ಟಿತು. ಹೆಚ್ಚಿನವರು ಊರಿಗೆ ವಾಪಸ್ ಹೋದರು, ಕೆಲವು ಸಾವಿರ ಜನ ಅಲ್ಲೇ ಉಳಿದರು. ಗುಜರಾತಿನ ವ್ಯಾಪಾರಿಗಳೂ ಬಂದು ಒಳನಾಡಿನ ಊರುಗಳಲ್ಲಿ ಅಂಗಡಿ ಇಟ್ಟರು. 2017ರಲ್ಲಿ ಕೀನ್ಯಾ ಸರ್ಕಾರ ಭಾರತ ಮೂಲದ ತನ್ನ ಪ್ರಜೆಗಳನ್ನು ದೇಶದ 44ನೇ ಬುಡಕಟ್ಟು ಎಂದು ಘೋಷಿಸಿತು. ಬುಡಕಟ್ಟು ಅನ್ನುವುದು ಅಲ್ಲಿ ಕೀಳು ಮಾತಲ್ಲ. ಈ ದೇಶದವರೇ ಎಂದು ಒಪ್ಪಿಕೊಳ್ಳುವ ರೀತಿ ಅದು.

ಹೊಸಬರಿಗೆ ನಿಜವಾಗಿ ಗೊಂದಲ ಆಗುವುದು ದೀಪಾವಳಿಯಿಂದ ಅಲ್ಲ, ಅಕ್ಟೋಬರ್ 10ರಿಂದ. ಹಳೆಯ ಪಟ್ಟಿ ನೋಡಿದರೆ ಅದು ಮೊಯಿ ದಿನ. 1978ರಿಂದ 2002ರವರೆಗೆ ಅಧ್ಯಕ್ಷರಾಗಿದ್ದ ಡೇನಿಯಲ್ ಅರಪ್ ಮೊಯಿ ಅವರ ಹೆಸರಿನ ರಜೆ. ಅವರೇ ಕುರ್ಚಿಯಲ್ಲಿದ್ದಾಗ ಶುರುವಾದದ್ದು. 2010ರಲ್ಲಿ ಹೊಸ ಸಂವಿಧಾನ ಬಂತು. ಅದು ಮೂರೇ ರಾಷ್ಟ್ರೀಯ ದಿನಗಳನ್ನು ಹೆಸರಿಸಿತು, ಮೊಯಿ ದಿನ ಅದರಲ್ಲಿರಲಿಲ್ಲ. ಸರಿ, ರಜೆ ಹೋಯಿತು ಅಂದುಕೊಂಡು ಜನ ಆ ದಿನ ಕೆಲಸಕ್ಕೆ ಹೋದರು. 2017ರ ನವೆಂಬರ್‌ನಲ್ಲಿ ಹೈಕೋರ್ಟ್ ಬೇರೆಯೇ ಹೇಳಿತು: ಸಂವಿಧಾನ ಬಂದರೂ ರಜೆ ಕಾಯ್ದೆಯಿಂದ ಆ ಸಾಲನ್ನು ಯಾರೂ ತೆಗೆದಿಲ್ಲ, ಹಾಗಾಗಿ ರಜೆ ಇನ್ನೂ ಇದೆ! 2018ರಲ್ಲಿ ರಜೆ ಮರಳಿ ಬಂತು. ಆಮೇಲೆ ಹೆಸರಿನ ಆಟ ಶುರುವಾಯಿತು. ಮೊದಲು ಹುದುಮಾ ದಿನ, ಅಂದರೆ ಸೇವೆಯ ದಿನ. ನಂತರ ಉತಮದುನಿ ದಿನ, ಸಂಸ್ಕೃತಿಗೆ. 2024ರಿಂದ ಮಜಿಂಗಿರಾ ದಿನ, ಪರಿಸರಕ್ಕೆ. ಈಗ ಆ ದಿನ ಗಿಡ ನೆಡುತ್ತಾರೆ. ಅಂತರ್ಜಾಲದ ಪಟ್ಟಿಯಲ್ಲಿ ಈ ನಾಲ್ಕರಲ್ಲಿ ಯಾವ ಹೆಸರು ಕಂಡರೂ ಗಾಬರಿ ಬೇಡ, ದಿನ ಒಂದೇ.

ಸಂವಿಧಾನದ ಆ ಮೂರು ದಿನಗಳು ಮಾತ್ರ ಗಟ್ಟಿ. ಜೂನ್ 1 ಮದರಾಕಾ ದಿನ: 1963ರಲ್ಲಿ ಕೀನ್ಯಾಕ್ಕೆ ಒಳಾಡಳಿತ ಸಿಕ್ಕಿದ್ದು ಅವತ್ತು. ಡಿಸೆಂಬರ್ 12 ಜಮ್ಹುರಿ ದಿನ: ಅದೇ 1963ರಲ್ಲಿ ಸ್ವಾತಂತ್ರ್ಯ, ಸರಿಯಾಗಿ ಒಂದು ವರ್ಷಕ್ಕೆ ಗಣರಾಜ್ಯ. ನಮ್ಮ ಆಗಸ್ಟ್ 15, ಜನವರಿ 26 ಎರಡೂ ಅವರಿಗೆ ಒಂದೇ ದಿನ ಬಿದ್ದಿವೆ.

ಮೂರನೆಯದು ಅಕ್ಟೋಬರ್ 20, ಮಶುಜಾ ದಿನ, ವೀರರ ನೆನಪಿಗೆ. ಭಾರತೀಯರು ಇದನ್ನು ಸ್ವಲ್ಪ ವಿವರವಾಗಿ ತಿಳಿದಿರಬೇಕು. 1952ರ ಅಕ್ಟೋಬರ್ 20ರಂದು ಬ್ರಿಟಿಷ್ ಗವರ್ನರ್, ತಮ್ಮ ಆಳ್ವಿಕೆಯ ವಿರುದ್ಧ ಎದ್ದ ಮೌ ಮೌ ಎಂಬ ಸಶಸ್ತ್ರ ಹೋರಾಟವನ್ನು ಹತ್ತಿಕ್ಕಲು ತುರ್ತು ಪರಿಸ್ಥಿತಿ ಹೇರಿದರು. ಮುಂದೆ ಕೀನ್ಯಾದ ಮೊದಲ ಅಧ್ಯಕ್ಷರಾದ ಜೋಮೊ ಕೆನ್ಯಾಟಾ ಮತ್ತು ಇತರ ಮುಖಂಡರನ್ನು ಹಿಡಿದರು. ಕೆನ್ಯಾಟಾ ಸೇರಿ ಆರು ಜನರನ್ನು ದೂರದ ಕಪೆಂಗುರಿಯಾಕ್ಕೆ ಒಯ್ದು ಅಲ್ಲಿ ವಿಚಾರಣೆ ನಡೆಸಿದರು. ಅವರ ಪರವಾಗಿ ನಿಂತ ವಕೀಲರ ತಂಡದಲ್ಲಿ ನೈರೋಬಿಯ ಅಚ್ರೂ ಕಪಿಲಾ ಮತ್ತು ಗೋವಾ ಮೂಲದ ಫಿಟ್ಜ್ ಡಿ ಸೋಜಾ ಇದ್ದರು. ಭಾರತದಿಂದ ದಿವಾನ್ ಚಮನ್ ಲಾಲ್ ಕೂಡ ಹೋಗಿದ್ದರು. 2010ರವರೆಗೆ ಈ ರಜೆಗೆ ಕೆನ್ಯಾಟಾ ದಿನ ಎಂದೇ ಹೆಸರು. ಒಬ್ಬರ ಹೆಸರು ತೆಗೆದು ಎಲ್ಲ ಹೋರಾಟಗಾರರಿಗೆ ಕೊಟ್ಟಿದ್ದು ಒಳ್ಳೆಯದೇ ಆಯಿತು ಅನ್ನುವುದು ನನ್ನ ಅನಿಸಿಕೆ. 2025ರಲ್ಲಿ ನಮ್ಮ ನರಕ ಚತುರ್ದಶಿ ಬಿದ್ದದ್ದು ಅಕ್ಟೋಬರ್ 20ಕ್ಕೇ. ಆ ವರ್ಷ ಅಲ್ಲಿನ ಕನ್ನಡಿಗರು ಎಣ್ಣೆಸ್ನಾನಕ್ಕೆ ಯಾರನ್ನೂ ಕೇಳಬೇಕಾಗಿರಲಿಲ್ಲ.

ಇನ್ನು ದಿಢೀರ್ ರಜೆಗಳು. ಮಂತ್ರಿಗಳು ಗೆಜೆಟ್‌ನಲ್ಲಿ ಪ್ರಕಟಿಸಿದರೆ ಯಾವ ದಿನವಾದರೂ ರಜೆ. 2023ರ ನವೆಂಬರ್ 13ರಂದು ಗಿಡ ನೆಡಲೆಂದೇ ಇಡೀ ದೇಶಕ್ಕೆ ರಜೆ ಕೊಟ್ಟರು. 2022ರ ಏಪ್ರಿಲ್ 29, ಶುಕ್ರವಾರ, ಮಾಜಿ ಅಧ್ಯಕ್ಷ ಮ್ವಾಯಿ ಕಿಬಾಕಿ ಅವರ ಅಂತ್ಯಸಂಸ್ಕಾರದ ಕಾರ್ಯಕ್ರಮಕ್ಕೆ ರಜೆ. ಮೇ ದಿನ ಭಾನುವಾರ ಬಂದಿದ್ದರಿಂದ ಸೋಮವಾರವೂ ರಜೆ. ಮಂಗಳವಾರ ರಂಜಾನ್. ಒಟ್ಟಿಗೆ ಐದು ದಿನ! 2025ರ ಅಕ್ಟೋಬರ್‌ನಲ್ಲಿ ಮಾಜಿ ಪ್ರಧಾನಿ ರೈಲಾ ಒಡಿಂಗಾ ಚಿಕಿತ್ಸೆಗೆಂದು ಬಂದಿದ್ದ ಕೇರಳದಲ್ಲಿ ತೀರಿಕೊಂಡಾಗಲೂ 17ನೇ ತಾರೀಕು ರಜೆ ಘೋಷಿಸಿದರು. ಹಾಗಾಗಿ ವರ್ಷದ ಮೊದಲೇ ಮುದ್ರಿಸಿದ ಪಟ್ಟಿಯನ್ನು ಗೋಡೆಗೆ ಹಾಕಿಕೊಂಡು ಸುಮ್ನೆ ಕೂತರೆ ಆಗುವುದಿಲ್ಲ, ಗೆಜೆಟ್ ಸುದ್ದಿಯ ಮೇಲೆ ಕಣ್ಣಿಡಬೇಕು.

ರಜೆ ಭಾನುವಾರ ಬಿದ್ದರೆ ಮರುದಿನ ಸಿಗುತ್ತದೆ. ಶನಿವಾರ ಬಿದ್ದರೆ ಹೋಯಿತು ಅಂತ ಲೆಕ್ಕ. ಡಿಸೆಂಬರ್ ಕೊನೆಗೆ ನೈರೋಬಿಯವರೆಲ್ಲ ಊರಿಗೆ ಹೊರಡುತ್ತಾರೆ, ಬಸ್ಸು ಮತ್ತು ಮಟಾಟುಗಳ (ಅಲ್ಲಿನ ಖಾಸಗಿ ಪ್ರಯಾಣಿಕ ವ್ಯಾನ್‌ಗಳ) ದರ ಏರುತ್ತದೆ. ಎಲ್ಲಿಗಾದರೂ ಹೋಗುವುದಿದ್ದರೆ ಟಿಕೆಟ್ ಮುಂಚೆಯೇ ತೆಗೆದಿಡಿ.

ದೀಪಾವಳಿಯ ವಿಷಯಕ್ಕೆ ಬಂದರೆ, ಕೆಲಸಕ್ಕೆ ಸೇರಿದ ಕೂಡಲೇ ಎಚ್‌ಆರ್ ಅವರ ಹತ್ತಿರ ಮಾತಾಡಿಬಿಡಿ. ಹಿಂದೂ ಉದ್ಯೋಗಿಗಳೇ ಇಲ್ಲದ ಕಂಪನಿಯಲ್ಲಿ ಕಾಯ್ದೆಯ ಎರಡನೇ ಭಾಗವನ್ನು ಯಾರೂ ಓದಿಲ್ಲದೇ ಇರಬಹುದು. ಪಾಸ್‌ಪೋರ್ಟ್ ಕೆಲಸಕ್ಕೆ ಭಾರತದ ಹೈಕಮಿಷನ್‌ಗೆ ಹೋಗುವುದಿದ್ದರೆ ಅವರ ರಜೆ ಪಟ್ಟಿಯನ್ನು ಬೇರೆಯಾಗಿಯೇ ನೋಡಿಕೊಳ್ಳಿ.